ಹಸುಗೂಸಿನ ಟೋಟಲ್ ಕೌಂಟ್: ಎಣಿಸಿದ್ದೆಲ್ಲ ಬಿಳಿ ಕಣವಲ್ಲ

ಪ್ರಶ್ನೆ: ಮಂಡ್ಯದ ಸಣ್ಣ ಲ್ಯಾಬೊಂದರಲ್ಲಿ ಟೆಕ್ನಿಷಿಯನ್ ಆಗಿದ್ದೇನೆ. ದಿನ ತುಂಬದೆ ಹುಟ್ಟಿದ, ಒಂದು ದಿನದ ಮಗುವಿನ ರಕ್ತಕ್ಕೆ ನಮ್ಮ ತ್ರೀ-ಪಾರ್ಟ್ ಕೌಂಟರ್ (ಬಿಳಿ ಕಣಗಳನ್ನು ಮೂರು ಗುಂಪು ಮಾಡಿ ಎಣಿಸುವ ಯಂತ್ರ) 28,000 ಟೋಟಲ್ ಕೌಂಟ್, ಅಂದರೆ ಒಂದು ಮೈಕ್ರೋಲೀಟರ್ ರಕ್ತದಲ್ಲಿನ ಬಿಳಿ ಕಣಗಳ ಸಂಖ್ಯೆ, ಕೊಟ್ಟಿತು. ಅದೇ ಟ್ಯೂಬನ್ನು ಮೈಸೂರಿಗೆ ಕಳಿಸಿದರೆ 20,100 ಬಂತು. ಬೆಳಿಗ್ಗೆ ಹಾಕಿದ ಕಂಟ್ರೋಲ್ (ಯಂತ್ರ ಪರೀಕ್ಷಿಸುವ, ಲೆಕ್ಕ ಗೊತ್ತಿರುವ ಮಾದರಿ) ಸರಿಯಾಗೇ ಇತ್ತು. ತಪ್ಪಿದ್ದೆಲ್ಲಿ?

ಉತ್ತರ: ಯಂತ್ರ ಕೆಟ್ಟಿಲ್ಲ, ಅದಕ್ಕೆ ಗುರುತು ಸಿಕ್ಕಿಲ್ಲ ಅಷ್ಟೆ. ಲೈಸ್ ದ್ರಾವಣ ಕೆಂಪು ಕಣಗಳನ್ನು ಒಡೆದ ಮೇಲೆ ಉಳಿದದ್ದನ್ನು ಗಾತ್ರ ನೋಡಿ ಬಿಳಿ ಕಣವೆಂದು ಎಣಿಸುವುದು ಅದರ ಕೆಲಸ. ಹಸುಗೂಸಿನ ರಕ್ತದಲ್ಲಿ ನ್ಯೂಕ್ಲಿಯಸ್ ಇರುವ ಎಳೆಯ ಕೆಂಪು ಕಣಗಳೂ (ಎನ್‌ಆರ್‌ಬಿಸಿ) ಇರುತ್ತವೆ. ದಿನ ತುಂಬದ ಕೂಸುಗಳಲ್ಲಿ, ಸಕ್ಕರೆ ಕಾಯಿಲೆಯ ತಾಯಂದಿರ ಮಕ್ಕಳಲ್ಲಿ ಇನ್ನೂ ಹೆಚ್ಚು. ಕಣ ಒಡೆದರೂ ನ್ಯೂಕ್ಲಿಯಸ್ ಉಳಿದು ಲೆಕ್ಕಕ್ಕೆ ಸೇರಿಬಿಡುತ್ತದೆ.

ರಕ್ತವನ್ನು ಗಾಜಿನ ಪಟ್ಟಿಯ ಮೇಲೆ ತೆಳ್ಳಗೆ ಹರಡಿ ಸ್ಮಿಯರ್ ಮಾಡಿ, ಲೀಶ್ಮನ್ ಬಣ್ಣ ಹಾಕಿ, ಸೂಕ್ಷ್ಮದರ್ಶಕದಲ್ಲಿ ನೋಡಿ. 100 ಬಿಳಿ ಕಣ ಎಣಿಸುವಾಗ ಕಂಡ ಎನ್‌ಆರ್‌ಬಿಸಿಗಳನ್ನು ಬೇರೆಯೇ ಬರೆದುಕೊಳ್ಳಿ, ಆ ನೂರರೊಳಗೆ ಸೇರಿಸಬೇಡಿ. ಇವುಗಳ ನ್ಯೂಕ್ಲಿಯಸ್ ಕೂಸಿನ ಕೆನ್ನೆಯ ದೃಷ್ಟಿಬೊಟ್ಟಿನಂತೆ ದುಂಡಗೆ, ಗಟ್ಟಿ ಕಪ್ಪು. ಸುತ್ತ ಬೂದು ಅಥವಾ ನಸುಗೆಂಪು. ಲಿಂಫೋಸೈಟಿನ (ಒಂದು ಬಗೆಯ ಬಿಳಿ ಕಣ) ಅಂಚು ತಿಳಿನೀಲಿ. ಗಡಿಬಿಡಿಯಲ್ಲಿ ಇವೆರಡೇ ಅದಲುಬದಲಾಗುವುದು. ಈಗ ಯಂತ್ರದ ಕೌಂಟನ್ನು 100ರಿಂದ ಗುಣಿಸಿ, 100ಕ್ಕೆ ಎನ್‌ಆರ್‌ಬಿಸಿ ಕೂಡಿಸಿ ಬಂದದ್ದರಿಂದ ಭಾಗಿಸಿ. 40 ಸಿಕ್ಕಿದ್ದರೆ 28,000 × 100 ÷ 140 = 20,000. ಮೈಸೂರಿನ ಲೆಕ್ಕ ಹೆಚ್ಚುಕಡಿಮೆ ಅಷ್ಟೇ ತಾನೆ? ಎನ್‌ಆರ್‌ಬಿಸಿ 5 ದಾಟಿದರೆ ತಿದ್ದುವ ಲ್ಯಾಬುಗಳಿವೆ, 10 ದಾಟಿದರೆ ತಿದ್ದುವವೂ ಇವೆ. ಯಾವುದಾದರೂ ಒಂದನ್ನು ಬರೆದಿಟ್ಟುಕೊಂಡು ಅದಕ್ಕೇ ಅಂಟಿಕೊಳ್ಳಿ.

ದೊಡ್ಡ ಯಂತ್ರಗಳಲ್ಲಿ ಎಷ್ಟೋ ಎನ್‌ಆರ್‌ಬಿಸಿಯನ್ನು ತಾವೇ ಎಣಿಸಿ ಕಳೆದುಕೊಡುತ್ತವೆ. ಅಂಥ ರಿಪೋರ್ಟನ್ನು ಮತ್ತೆ ತಿದ್ದಿದರೆ 20,100 ಹೋಗಿ 14,357 ಆದೀತು!

ಇನ್ನೊಂದು ಕಾಟ ಪ್ಲೇಟ್‌ಲೆಟ್ ಗುಂಪುಗಳದ್ದು. ಹಿಮ್ಮಡಿ ಹಿಂಡಿ ತೆಗೆದ ರಕ್ತದಲ್ಲಿ ಅವು ಮುದ್ದೆಗಟ್ಟಿ ಬಿಳಿ ಕಣದ ಲೆಕ್ಕಕ್ಕೆ ನುಸುಳುತ್ತವೆ. ಹಿಮ್ಮಡಿ ಬೆಚ್ಚಗೆ ಮಾಡಿ, ಮೊದಲ ಹನಿ ಒರೆಸಿ, ಹಿಂಡದೆ ಹಿಡಿಯಿರಿ; ಇಡಿಟಿಎ (ಹೆಪ್ಪುಗಟ್ಟದಂತೆ ತಡೆಯುವ ರಾಸಾಯನಿಕ) ಇರುವ ಟ್ಯೂಬನ್ನು ಕೂಡಲೇ 8–10 ಸಲ ಮೆಲ್ಲಗೆ ತಲೆಕೆಳಗು ಮಾಡಿ. ಗೆರೆ ಮೀರಿ ತುಂಬಿದರೆ ಹೆಪ್ಪುಗಟ್ಟುತ್ತದೆ.

ಪ್ರಶ್ನೆ: ತಿದ್ದಿದ ಮೇಲೂ 20,000 ಜಾಸ್ತಿಯೇ ಅಲ್ಲವೇ? ರಿಪೋರ್ಟಿನಲ್ಲಿ ‘ಹೈ’ ಎಂದೇ ಬರುತ್ತದೆ.

ಉತ್ತರ: ಅದು ದೊಡ್ಡವರ 4,000–11,000ದ ಮಿತಿ. ಮೊದಲ ದಿನದ ಮಗುವಿಗೆ 9,000ದಿಂದ 30,000ದವರೆಗೂ ಸಹಜ. ಸಾಫ್ಟ್‌ವೇರಿನಲ್ಲಿ ವಯಸ್ಸಿಗೆ ತಕ್ಕ ಮಿತಿ ಹಾಕಿಸಿ.