ಕೋರ್ಟಿನಲ್ಲಿ ಸುಳ್ಳು ಹೇಳಿದ ಸಾಹೇಬರಿಗೆ ಏನಾಗುತ್ತದೆ?

ಬೆಂಗಳೂರು ಕಡೆಯವರು ನಮ್ಮನ್ನು ಕಂಡರೆ ಮೊದಲು ಕೇಳೋದು ಗಡಿ ಜಗಳದ ಬಗ್ಗೆ. ಮಹಾರಾಷ್ಟ್ರ 2004ರಲ್ಲಿ ಸುಪ್ರೀಂ ಕೋರ್ಟಿಗೆ ಹಾಕಿದ ದಾವೆ ಏನಾಯ್ತು, ಬೆಳಗಾವಿಯಲ್ಲಿ ಗಲಾಟೆ ಇದೆಯಾ, ಇಂಥವು. ನೀವು ಕೇಳಿದ್ದು ಬೇರೆ. ಸರ್ಕಾರಿ ಅಧಿಕಾರಿ ಕಟಕಟೆಯಲ್ಲಿ ಪ್ರಮಾಣ ಮಾಡಿ ಸುಳ್ಳು ಹೇಳಿದರೆ ನಿಮ್ಮ ಕಡೆ ಅವರಿಗೆ ಏನೂ ಆಗೋದಿಲ್ವಾ ಅಂತ. ಸಾಮಾನ್ಯವಾಗಿ ಏನೂ ಆಗೋದಿಲ್ಲ. ಯಾಕೆ ಅನ್ನೋದನ್ನು ಮಾತ್ರ ಸ್ವಲ್ಪ ಬಿಡಿಸಿ ಹೇಳಬೇಕು.

ನಾನಿರೋದು ಜಮಖಂಡಿ. ಇಲ್ಲಿಂದ ಬೀಳಗಿ, ಬಾಗಲಕೋಟೆವರೆಗೆ ನದಿ ದಂಡೆಯ ಊರುಗಳಲ್ಲಿ ಕೋರ್ಟಿನ ಮೆಟ್ಟಿಲು ಹತ್ತದ ಮನೆ ಸಿಗೋದು ಕಷ್ಟ. ನಾವು ಜಗಳಗಂಟರು ಅಂತಲ್ಲ. ಆಲಮಟ್ಟಿ ಅಣೆಕಟ್ಟಿನ ಹಿನ್ನೀರಿಗೆ ಜಮೀನು ಹೋಯ್ತು, ಹಳೇ ಬಾಗಲಕೋಟೆಯ ಎಷ್ಟೋ ಓಣಿಗಳು ಹೋದವು, ಬದಲಿಗೆ ನವನಗರ ಅಂತ ಹೊಸ ಊರು ಕಟ್ಟಿದರು. ಹಳೆಯ 1894ರ ಭೂಸ್ವಾಧೀನ ಕಾಯ್ದೆಯಲ್ಲಿ ಅಧಿಕಾರಿ ಒಂದು ದರ ಬರೆಯುತ್ತಿದ್ದರು. ಅದು ಕಡಿಮೆ ಅನಿಸಿದರೆ 18ನೇ ಕಲಂನಲ್ಲಿ ಸಿವಿಲ್ ಕೋರ್ಟಿಗೆ ಹೋಗಬೇಕು. ಹೆಚ್ಚಿನವರು ಹೋದರು. ಕೋರ್ಟು ಎಷ್ಟೋ ಸಲ ದರ ಏರಿಸಿತು ಕೂಡ.

ಇಲ್ಲಿ ಎಲ್ಲಾ ಜಗಳ ಒಂದೇ ಮಾತಿನ ಮೇಲೆ: ಜಮೀನು ಜಿರಾಯ್ತಿಯೋ, ಬಾಗಾಯ್ತೋ. ಒಣಬೇಸಾಯವೋ, ನೀರಾವರಿಯೋ. ಇವತ್ತಿಗೂ ಅಷ್ಟೇ. ಅಣೆಕಟ್ಟನ್ನು 519.6 ಮೀಟರ್‌ನಿಂದ 524.256 ಮೀಟರ್‌ಗೆ ಎತ್ತರಿಸಲು ಮುಳುಗುವ ಜಮೀನಿಗೆ 2025ರ ಸೆಪ್ಟೆಂಬರ್‌ನಲ್ಲಿ ಸಚಿವ ಸಂಪುಟ ಒಪ್ಪಿದ ದರ ನೋಡಿ: ಎಕರೆಗೆ ನೀರಾವರಿಗೆ 40 ಲಕ್ಷ, ಒಣ ಜಮೀನಿಗೆ 30 ಲಕ್ಷ. ಪಂಚನಾಮೆಯಲ್ಲಿ, ಅಂದರೆ ಸ್ಥಳ ನೋಡಿ ಬರೆಯುವ ವರದಿಯಲ್ಲಿ, ಒಂದು ಶಬ್ದ ಬದಲಾದರೆ ಎಕರೆಗೆ ಹತ್ತು ಲಕ್ಷ ವ್ಯತ್ಯಾಸ. ಸುಳ್ಳು ಎಲ್ಲಿ ಹುಟ್ಟುತ್ತದೆ ಅಂತ ಈಗ ಗೊತ್ತಾಯ್ತಲ್ಲ.

ನಮ್ಮ ಕಾಕಾನ ಹೊಲದ್ದೇ ಹೇಳುತ್ತೇನೆ. ಹಳೇ ಕಾಯ್ದೆಯ ಕಾಲದ ಕೇಸು. ಹೊಲದಲ್ಲಿ ಕಲ್ಲು ಕಟ್ಟಿದ ಬಾವಿ, ಮೋಟರು, ಆಳೆತ್ತರ ಕಬ್ಬು. ಇಲಾಖೆಯ ಕಾಗದದಲ್ಲಿ ಮಾತ್ರ ಜಿರಾಯ್ತಿ, ಜೋಳ. ಸರ್ಕಾರದ ಪರ ಸಾಕ್ಷಿಗೆ ಬಂದ ಅಧಿಕಾರಿ ಮುಖ್ಯ ಹೇಳಿಕೆಯಲ್ಲಿ, ಸ್ಥಳ ಪರಿಶೀಲನೆ ಆಗಿದೆ, ಬಾವಿ ಇಲ್ಲ ಅಂದರು. ಪಾಟೀ ಸವಾಲಿನಲ್ಲಿ ನಮ್ಮ ವಕೀಲರು ನಿಧಾನಕ್ಕೆ ಶುರು ಮಾಡಿದರು. ಹೊಲಕ್ಕೆ ಯಾವ ಕಡೆಯಿಂದ ದಾರಿ? ಗೊತ್ತಿಲ್ಲ. ಪೂರ್ವಕ್ಕೆ ಯಾರ ಹೊಲ? ನೆನಪಿಲ್ಲ. ಈ ಸರ್ವೆ ನಂಬರಿಗೆ ವಿದ್ಯುತ್ ಸಂಪರ್ಕ ಇದೆಯೇ? ಇಲ್ಲ. ಆಗ ಪಂಪ್‌ಸೆಟ್ಟಿನ ಆರ್‌ಆರ್ ನಂಬರ್ ಇರುವ ಕಾಗದ ಹೊರಗೆ ಬಂತು. ಹಿಂದೆಯೇ ಸಕ್ಕರೆ ಕಾರ್ಖಾನೆಯ ಕಬ್ಬಿನ ಬಿಲ್ಲುಗಳು. ಸಾಹೇಬರು ಕಾಗದ ತಿರುವಿ ನೋಡಿದರು, ಕನ್ನಡಕ ತೆಗೆದು ಒರೆಸಿದರು. ಆಮೇಲೆ ಹೇಳಿದ್ದು ಇಷ್ಟು: ‘ಆ ಕಾಲಕ್ಕೆ ನಾನು ಈ ಹುದ್ದೆಯಲ್ಲಿ ಇರಲಿಲ್ಲ. ಕಡತ ನೋಡಿ ಹೇಳುತ್ತಿದ್ದೇನೆ.’

ಪರಿಶೀಲನೆಗೆ ಹೋದವರು ವರ್ಗವಾಗಿ ಎಲ್ಲಿಗೋ ಹೋಗಿದ್ದರು. ಅವರ ಮೇಲಿನವರು ನಿವೃತ್ತರು. ಪಂಚನಾಮೆಗೆ ಸಹಿ ಹಾಕಿದ ಇಬ್ಬರು ಪಂಚರು ನಮ್ಮೂರಿನವರೇ ಅಲ್ಲ, ಕಚೇರಿ ಎದುರಿನ ಚಹಾದಂಗಡಿಯಲ್ಲಿ ಕೂರುವವರು. ಹೇಳಿಕೆ ಟೈಪು ಮಾಡಿದ್ದು ಗುಮಾಸ್ತರು, ತಿದ್ದಿದ್ದು ಸರ್ಕಾರಿ ವಕೀಲರು, ಸಹಿ ಮಾತ್ರ ಇವರದು. ಈಗ ಹೇಳಿ, ಸುಳ್ಳು ಹೇಳಿದವರು ಯಾರು? ನಮ್ಮ ಕಡೆ ಸರ್ಕಾರಿ ಸುಳ್ಳಿಗೆ ಹತ್ತು ಕೈ, ಮಾಲೀಕ ಒಬ್ಬನೂ ಇಲ್ಲ.

ಕೋರ್ಟು ನಮ್ಮ ಕಾಗದ ನಂಬಿತು, ದರ ಏರಿಸಿತು. ಆ ಸಾಕ್ಷಿಯ ಬಗ್ಗೆ ತೀರ್ಪಿನಲ್ಲಿ ಬಂದದ್ದು ‘ಹೇಳಿಕೆ ನಂಬಲರ್ಹವಲ್ಲ’ ಅನ್ನುವ ಒಂದು ಸಾಲು. ಅಷ್ಟಕ್ಕೇ ಮುಗೀತು.

ಕಾನೂನಿಲ್ಲ ಅಂತಲ್ಲ. ಕೋರ್ಟಿನಲ್ಲಿ ಸುಳ್ಳು ಸಾಕ್ಷಿ ಹೇಳಿದರೆ ಏಳು ವರ್ಷದವರೆಗೆ ಜೈಲು. ಹಿಂದೆ ದಂಡ ಸಂಹಿತೆಯ 193ನೇ ಕಲಂ, 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆಯ 229. ಆದರೆ ನೀವೋ ನಾನೋ ಪೊಲೀಸ್ ಠಾಣೆಗೆ ಹೋಗಿ ಇದಕ್ಕೆ ದೂರು ಕೊಡೋಕೆ ಬರೋದಿಲ್ಲ. ಯಾವ ಕೋರ್ಟಿನ ಮುಂದೆ ಸುಳ್ಳು ಹೇಳಿದರೋ ಆ ಕೋರ್ಟೇ, ಇಲ್ಲವೇ ಅದರ ಮೇಲಿನ ಕೋರ್ಟು, ದೂರು ಬರೆಯಬೇಕು. ನಾವು ಅರ್ಜಿ ಹಾಕಿ ಕೇಳಬಹುದು ಅಷ್ಟೇ. ಹಳೇ ದಂಡ ಪ್ರಕ್ರಿಯಾ ಸಂಹಿತೆಯಲ್ಲಿ ಅದು 340ನೇ ಕಲಂ, ಅದಕ್ಕೇ ವಕೀಲರ ಬಾಯಲ್ಲಿ ಇನ್ನೂ ‘ತ್ರೀ ಫಾರ್ಟಿ ಅರ್ಜಿ’. ಹೊಸ ನಾಗರಿಕ ಸುರಕ್ಷಾ ಸಂಹಿತೆಯಲ್ಲಿ ಅದು 379. ಸುಳ್ಳು ಅಂತ ಸಾಬೀತಾದರೂ ಸಾಲದು, ದೂರು ಕೊಡೋದು ನ್ಯಾಯದ ಹಿತಕ್ಕೆ ಅಗತ್ಯ ಅಂತ ಕೋರ್ಟಿಗೆ ಅನಿಸಬೇಕು. 2005ರಲ್ಲಿ ಇಕ್ಬಾಲ್ ಸಿಂಗ್ ಮಾರ್ವಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಪೀಠ ಇದನ್ನೇ ಹೇಳಿದೆ. ಮೇಜಿನ ಮೇಲೆ ಕೇಸುಗಳ ರಾಶಿ ಇರುವ ಕೆಳ ಕೋರ್ಟಿನ ನ್ಯಾಯಾಧೀಶರಿಗೆ ಹಾಗೆ ಎಷ್ಟು ಸಲ ಅನಿಸೀತು?

ಇನ್ನು ನಮ್ಮ ಜನ. ಕಾಕಾ ಸಿಟ್ಟಿನಲ್ಲಿ ಅರ್ಜಿ ಹಾಕೋಣ ಅಂದಾಗ ವಕೀಲರು ನಕ್ಕರು. ‘ಕಾಕಾ, ನಿಮಗ ರೊಕ್ಕ ಬೇಕೇನ್ರಿ, ಅವರನ್ನ ಒಳಗ ಹಾಕ್ಸೋದು ಬೇಕೇನ್ರಿ?’ ತಪ್ಪು ಮಾತಲ್ಲ. ಹೊಸ ಅರ್ಜಿ ಅಂದರೆ ಹೊಸ ತಾರೀಕುಗಳು, ಹೊಸ ಫೀ. ಅದೂ ಅಲ್ಲದೆ ಮುಂದಿನ ವಾರ ಉತಾರಕ್ಕೆ (ನಿಮ್ಮ ಕಡೆಯ ಪಹಣಿ), ವಾರಸಾ ಅಂದರೆ ವಾರಸುದಾರರ ಹೆಸರಿಗೆ ಖಾತೆ ಮಾಡಿಸೋಕೆ ಅದೇ ಕಚೇರಿಯ ಬಾಗಿಲಿಗೆ ಹೋಗಬೇಕು. ಕಾಕಾ ರೊಕ್ಕ ಅಂದರು.

ಹಾಗಂತ ನಮ್ಮವರೆಲ್ಲ ಸಾಚಾ ಅಂದ್ಕೋಬೇಡಿ. ಅಧಿಸೂಚನೆ ಬಂದ ಮೇಲೆ ರಾತ್ರೋರಾತ್ರಿ ದಾಳಿಂಬೆ ಸಸಿ ನೆಟ್ಟು, ಫಲ ಬಿಡುವ ತೋಟ ಅಂದವರೂ ಇದ್ದಾರೆ. ಆದರೆ ರೈತನ ಸುಳ್ಳು ಸಿಕ್ಕಿಬಿದ್ದರೆ ಅವನ ಪರಿಹಾರಕ್ಕೇ ಕತ್ತರಿ. ಸಾಹೇಬರ ಸುಳ್ಳು ಸಿಕ್ಕಿಬಿದ್ದರೆ ಅವರ ಸಂಬಳ ಹಾಗೇ ಇರುತ್ತದೆ.

ದುಡ್ಡು ಕಟ್ಟೋದು ಸರ್ಕಾರ, ಅಂದರೆ ನೀವೂ ನಾನೂ. ಹಳೇ ಕಾಯ್ದೆಯ ಪ್ರಕಾರ ಕೋರ್ಟು ಏರಿಸಿದ ಮೊತ್ತಕ್ಕೆ ಮೊದಲ ವರ್ಷ ಶೇ. 9, ಆಮೇಲೆ ಶೇ. 15 ಬಡ್ಡಿ. ಬಾವಿ ಇಲ್ಲ ಅಂತ ಹೇಳಿ ಕೇಸು ಎಳೆದಷ್ಟೂ ಬೊಕ್ಕಸಕ್ಕೆ ಹೊರೆ. ಕಡೆಗೂ ಹಣ ಬರದಿದ್ದರೆ ಅಮಲ್ಜಾರಿ ಅರ್ಜಿ, ಅಂದರೆ ತೀರ್ಪು ಜಾರಿ ಮಾಡಿಸಿ ಅಂತ ಕೋರ್ಟಿಗೆ ಮತ್ತೊಂದು ಅರ್ಜಿ. ಎಸಿ (ಉಪವಿಭಾಗಾಧಿಕಾರಿ) ಕಚೇರಿಯ ಕುರ್ಚಿ, ಕಂಪ್ಯೂಟರ್, ಜೀಪು ಜಪ್ತಿಯಾದ ಫೋಟೊ ನಿಮ್ಮ ಕಡೆಯ ಪತ್ರಿಕೆಯಲ್ಲೂ ನೋಡಿರ್ತೀರಿ. ಆಗ ಆ ಕುರ್ಚಿಯಲ್ಲಿ ಕೂತಿರುವವರು ಬೇರೆ ಯಾರೋ ಪಾಪದವರು, ಕೇಸಿನ ಹೆಸರೂ ಕೇಳಿರೋದಿಲ್ಲ.

ನನ್ನ ಕೇಳಿದರೆ, ಜೈಲಿನ ಆಸೆ ಬಿಟ್ಟು ಸಾಹೇಬರ ಜೇಬಿಗೇ ಕೈ ಹಾಕಬೇಕು. ದಾರಿ ಇದೆ. 2020ರ ಅಕ್ಟೋಬರ್‌ನಲ್ಲಿ ಮಧ್ಯಪ್ರದೇಶ ಸರ್ಕಾರ 663 ದಿನ ತಡವಾಗಿ ಸುಪ್ರೀಂ ಕೋರ್ಟಿಗೆ ಮೇಲ್ಮನವಿ ತಂದಿತು. ಎಂದಿನ ಹಾಗೆ ಕಡತ ಮೇಜಿನಿಂದ ಮೇಜಿಗೆ ಹೋದ ಕಥೆ. ಕೋರ್ಟು 25,000 ರೂಪಾಯಿ ದಂಡ ಹಾಕಿ, ಅದನ್ನು ಹೊಣೆಗಾರ ಅಧಿಕಾರಿಗಳಿಂದಲೇ ವಸೂಲು ಮಾಡಿ ಅಂತು. ತಡಕ್ಕೆ ಹೀಗೆ ಮಾಡಬಹುದಾದರೆ ಸುಳ್ಳಿಗೆ ಯಾಕಾಗಬಾರದು? ಅಧಿಕಾರಿಗಳನ್ನು ಸುಮ್ಸುಮ್ನೆ ಕೋರ್ಟಿಗೆ ಕರೆಸಬೇಡಿ ಅಂತ ಸುಪ್ರೀಂ ಕೋರ್ಟು 2024ರ ಜನವರಿಯಲ್ಲಿ ಹೇಳಿದ್ದು ನಿಜ. ಆದರೆ ಮಾಹಿತಿ ಮುಚ್ಚಿಟ್ಟಿದ್ದಾರೆ, ನಿಜ ತಿರುಚಿದ್ದಾರೆ ಅಂತ ಮೇಲ್ನೋಟಕ್ಕೆ ಕಂಡರೆ ಖುದ್ದು ಕರೆಸಬಹುದು ಅಂತ ಅದೇ ಆದೇಶದಲ್ಲಿದೆ. ಈ ಭಾಗವನ್ನು ಇಲ್ಲಿ ಯಾರೂ ಓದಿ ಹೇಳೋದಿಲ್ಲ.

ನಿಮ್ಮ ಪರಿಚಯದವರದು ಈಗಲೇ ಕೇಸು ನಡೆದಿದ್ದರೆ ಒಂದು ಕೆಲಸ ಮಾಡಲಿ. ಸರ್ಕಾರಿ ಸಾಕ್ಷಿ ಬರುವ ಮೊದಲೇ ಮಾಹಿತಿ ಹಕ್ಕಿನಲ್ಲಿ ಪಂಚನಾಮೆಯ ಪ್ರತಿ, ಆ ದಿನದ ವಾಹನದ ಲಾಗ್‌ಬುಕ್, ಪ್ರವಾಸ ಭತ್ಯೆಯ ಬಿಲ್ಲು ಕೇಳಲಿ. ಉತ್ತರಕ್ಕೆ ಮೂವತ್ತು ದಿನದ ಗಡುವು ಇದೆ. ಸ್ಥಳಕ್ಕೆ ಹೋಗಿದ್ದೆ ಅಂದವರ ಜೀಪು ಆ ದಿನ ಕಚೇರಿ ಬಿಟ್ಟೇ ಇಲ್ಲ ಅಂತ ಅವರದೇ ಲಾಗ್‌ಬುಕ್ ಹೇಳಿದರೆ, ‘ಕಡತ ನೋಡಿ ಹೇಳಿದೆ’ ಅನ್ನುವ ನೆಪ ಓಡೋದಿಲ್ಲ. ತ್ರೀ ಫಾರ್ಟಿ ಅರ್ಜಿಯಲ್ಲಿ ಬರೆಯೋಕೆ ಸುಳ್ಳು ಹೇಳಿದವರ ಹೆಸರೂ ಸಿಗುತ್ತದೆ. ಕೆಳ ಕೋರ್ಟು ಅರ್ಜಿ ತಳ್ಳಿಹಾಕಿದರೆ ಮೇಲ್ಮನವಿಗೆ ಅವಕಾಶ ಇದೆ. ಹೈಕೋರ್ಟಿಗೆ ಹೋಗುವ ಹೊತ್ತು ಬಂದರೆ ನಾವು ಬಾಗಲಕೋಟೆಯವರು, ಬೆಳಗಾವಿಯವರು ಧಾರವಾಡ ಪೀಠಕ್ಕೆ, ವಿಜಯಪುರದವರು ಕಲಬುರಗಿಗೆ.