ಐ3 ಹಾಕಿದ ಮೇಲೆ ಕನ್ನಡ ಟೈಪಿಂಗ್ ಹೋಯಿತೇ? ಹೀಗೆ ಮಾಡಿ

ನಮಸ್ಕಾರರೀ. ಜಮಖಂಡಿಯ ಡಿಟಿಪಿ ಅಂಗಡಿಯ ಡೆಬಿಯನ್ ಲಿನಕ್ಸ್ ಕಂಪ್ಯೂಟರಿಗೆ ಐ3 ಎಂಬ ವಿಂಡೋ ಮ್ಯಾನೇಜರ್ ಹಾಕಿದ್ದೀರಿ, ಮೊದಲಿದ್ದ ಗ್ನೋಮ್ ಡೆಸ್ಕ್‌ಟಾಪ್‌ನಲ್ಲಿ ಬರುತ್ತಿದ್ದ ಕನ್ನಡ ಈಗ ಬರುತ್ತಿಲ್ಲ ಅಂದಿದ್ದೀರಿ. ಇಲ್ಲಿ ವಿಜಯಪುರದಲ್ಲಿ ನನಗೂ ಇದೇ ಆಗಿತ್ತು.

ಕನ್ನಡ ಟೈಪ್ ಮಾಡಿಸುವ ತಂತ್ರಾಂಶ ಐಬಸ್. ಗ್ನೋಮ್ ಅದನ್ನು ತಾನೇ ಶುರು ಮಾಡುತ್ತದೆ. ಐ3 ಮಾಡುವುದಿಲ್ಲ. ಐ3 ಕಿಟಕಿಗಳನ್ನು ಜೋಡಿಸುತ್ತದೆ, ಅಷ್ಟೇ. ಹಾಗಾಗಿ ಇಮ್-ಕಾನ್ಫಿಗ್ (im-config) ಪ್ಯಾಕೇಜ್ ಹಾಕಿ, ತೆರೆದು, ಐಬಸ್ ಆರಿಸಿ. ಕನ್ನಡ ಕೀಲಿ ವಿನ್ಯಾಸಗಳಿರುವ ಐಬಸ್-ಎಂ17ಎನ್ (ibus-m17n) ಪ್ಯಾಕೇಜ್ ಕೂಡ ಇರಲಿ. ನುಡಿ ವಿನ್ಯಾಸ ಅದರಲ್ಲಿ ಕೆಜಿಪಿ ಎಂಬ ಹೆಸರಿನಲ್ಲಿದೆ.

ಇಷ್ಟಾದರೂ ಭಾಷೆ ಬದಲಾಗದೇ ಇರಬಹುದು. ನಿಜವಾದ ತೊಡಕು ಇಲ್ಲೇ ಇದೆ. ಐಬಸ್ ಭಾಷೆ ಬದಲಿಸುವುದು ವಿಂಡೋಸ್ ಕೀ ಮತ್ತು ಸ್ಪೇಸ್‌ನಿಂದ. ಮೊದಲ ಸಲ ಐ3 ಕೇಳಿದಾಗ ನೀವು ವಿಂಡೋಸ್ ಕೀಯನ್ನೇ ಮಾಡ್ ಕೀ (ಐ3 ಆಜ್ಞೆಗಳಿಗೆ ಒತ್ತುವ ಕೀ) ಮಾಡಿಕೊಂಡಿದ್ದೀರಿ ಅಲ್ವಾ? ಹಾಗಾದರೆ ಆ ಜೋಡಿ ಆಗಲೇ ಐ3 ಕೈಯಲ್ಲಿದೆ. ಟೈಲ್ ಆದ, ಅಂದರೆ ಪಕ್ಕಪಕ್ಕ ಜೋಡಿಸಿದ, ಕಿಟಕಿಗಳಿಂದ ತೇಲುವ ಕಿಟಕಿಗೆ ಹೋಗಲು ಅದನ್ನು ಬಳಸುತ್ತದೆ. ಐಬಸ್‌ಗೆ ಒತ್ತಿದ್ದು ತಿಳಿಯುವುದೇ ಇಲ್ಲ.

ಹೋಮ್ ಫೋಲ್ಡರಿನಲ್ಲಿ ಡಾಟ್-ಕಾನ್ಫಿಗ್, ಅದರೊಳಗೆ ಐ3, ಅದರಲ್ಲಿ ಕಾನ್ಫಿಗ್ ಫೈಲ್ ಇದೆ. 'ಫೋಕಸ್ ಮೋಡ್-ಟಾಗಲ್' (focus mode_toggle) ಸಾಲು ಹುಡುಕಿ, ಸ್ಪೇಸ್ (space) ಬದಲು 'ಟಿ' (t) ಬರೆಯಿರಿ. ಮೊದಲೇ ಫೈಲಿನ ಒಂದು ಪ್ರತಿ ತೆಗೆದಿಡಿ. ಆಮೇಲೆ ಮಾಡ್, ಶಿಫ್ಟ್, 'ಇ' ಒತ್ತಿ ಹೊರಬಂದು ಮತ್ತೆ ಲಾಗಿನ್ ಆಗಿ. ಸುಮ್ನೆ ರೀಲೋಡ್ ಮಾಡಿದರೆ ಸಾಲದು, ಐಬಸ್ ಕೂಡ ಹೊಸದಾಗಿ ಶುರುವಾಗಬೇಕು.

ಐ3 ಬಿಡಬೇಡಿ. ಎಡಕ್ಕೆ ಹಸ್ತಪ್ರತಿಯ ಪಿಡಿಎಫ್, ಬಲಕ್ಕೆ ಟೈಪಿಂಗ್, ಮೌಸ್ ಮುಟ್ಟದೆ ಓಡಾಟ. ನಿಮ್ಮ ಕೆಲಸಕ್ಕೆ ಇದು ತುಂಬಾ ಹೊಂದುತ್ತದೆ.