ಅಳಿದುಹೋದ ಕಂತುಗಳು

ಪ್ರಶ್ನೆ: ಬಿಬಿಸಿಯ ಹಳೆಯ ‘ಔಟ್ ಆಫ್ ದಿ ಅನ್‌ನೋನ್’ ಎಂಬ ವಿಜ್ಞಾನ ಕಥೆಗಳ ಟಿವಿ ಕಾರ್ಯಕ್ರಮದ ಎಲ್ಲ ಕಂತುಗಳೂ ಯಾಕೆ ಸಿಗುವುದಿಲ್ಲ? ಯಾವುದರಿಂದ ಶುರು ಮಾಡಬೇಕು?

ಉತ್ತರ: 1965ರಿಂದ 1971ರವರೆಗೆ ನಾಲ್ಕು ಸರಣಿಗಳಲ್ಲಿ 49 ಕಂತು ಬಂದವು, ಇಡಿಯಾಗಿ ಉಳಿದಿರುವುದು 20. ಆಗಿನ ಎರಡು ಅಂಗುಲ ಅಗಲದ ವಿಡಿಯೊ ಟೇಪ್ ಬಲು ದುಬಾರಿ. ಮರುಪ್ರಸಾರಕ್ಕೂ ಹಕ್ಕಿನ ಮಿತಿ ಇತ್ತು. ಹೀಗಾಗಿ ಹಳೆಯದನ್ನು ಅಳಿಸಿ, ಅದೇ ಟೇಪಿನ ಮೇಲೆ ಹೊಸ ಕಾರ್ಯಕ್ರಮ ತುಂಬುತ್ತಿದ್ದರು. ಪರದೆಯ ಚಿತ್ರವನ್ನೇ 16 ಮಿ.ಮೀ. ಫಿಲ್ಮಿಗೆ ಇಳಿಸಿಕೊಂಡದ್ದರಿಂದ ಕಪ್ಪು-ಬಿಳುಪಿನ ಕಂತುಗಳು ಹೆಚ್ಚು ಬದುಕಿದವು: ಮೊದಲ ಸರಣಿಯ 12ರಲ್ಲಿ 10. ಬಣ್ಣದ ಮೂರನೆಯದರಲ್ಲಿ 13ಕ್ಕೆ ಒಂದೇ ಒಂದು! ವಿಜ್ಞಾನ ಕಥೆಗಾರ ಐಸಾಕ್ ಅಸಿಮೊವ್ ಅವರ ರೋಬಾಟ್ ಕಥೆಗಳ ಕಂತುಗಳೂ ಹೀಗೆಯೇ ಹೋದವು. ಇದು ದೊಡ್ಡ ನಷ್ಟ.

ಮೊದಲು ‘ದಿ ಮೆಷಿನ್ ಸ್ಟಾಪ್ಸ್’ (1966) ನೋಡಿ. ಇಂಗ್ಲಿಷ್ ಕಾದಂಬರಿಕಾರ ಇ. ಎಂ. ಫಾರ್ಸ್ಟರ್ 1909ರಲ್ಲಿ ಬರೆದ ಕಥೆ. ಮನುಷ್ಯರು ನೆಲದಡಿಯ ಕೋಣೆಗಳಲ್ಲಿ ಒಬ್ಬೊಬ್ಬರೇ ಕೂತು ಯಂತ್ರದ ಮೂಲಕವೇ ಮಾತಾಡುತ್ತಾರೆ. ಮೂಲಕಥೆ ಓದಿಕೊಂಡೇ ನೋಡಿ. ನಿರೂಪಣೆಯಲ್ಲಿದ್ದ ಒಂಟಿತನವನ್ನು ನಟರ ಮುಖ ಹೇಗೆ ಹೊರುತ್ತದೆಂದು ಆಗ ತಿಳಿಯುತ್ತದೆ. ಅಳಿಯದೆ ಉಳಿದುಕೊಂಡ ಕಂತುಗಳೆಲ್ಲ 2014ರಲ್ಲಿ ಬ್ರಿಟಿಷ್ ಫಿಲ್ಮ್ ಇನ್‌ಸ್ಟಿಟ್ಯೂಟ್ ತಂದ ಡಿವಿಡಿ ಪೆಟ್ಟಿಗೆಯಲ್ಲಿವೆ.